ವೈಫೈ ಕ್ಯಾಮೆರಾನಾ, ಡಿವಿಆರ್ ಸೆಟ್ಟಾ? ಅಪ್‌ಡೇಟ್ ನೋಡಿ ಆರಿಸಿ

ದಾವಣಗೆರೆಯ ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಮನೆಗೆ ಕ್ಯಾಮೆರಾ ಹಾಕಿಸುವವರು ಬೆಲೆ ಕೇಳುತ್ತಾರೆ, ಮೆಗಾಪಿಕ್ಸೆಲ್ ಕೇಳುತ್ತಾರೆ. ಸಾಫ್ಟ್‌ವೇರ್ ದೋಷ ಸರಿಪಡಿಸುವ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದೇ.

ವೈಫೈ ಕ್ಯಾಮೆರಾಗೆ ಅಪ್‌ಡೇಟ್ ಮೊಬೈಲ್ ಆ್ಯಪ್‌ನಲ್ಲೇ ಬರುತ್ತದೆ. ಕೆಲವು ತಾವಾಗಿಯೇ ಹಾಕಿಕೊಳ್ಳುತ್ತವೆ. ಆದರೆ ಕಂಪನಿ ಸರ್ವರ್ ನಿಲ್ಲಿಸಿದರೆ ಲೈವ್ ವಿಡಿಯೋ ಸಿಗದೇ ಹೋಗಬಹುದು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಕ್ಯಾಮೆರಾ ಕೆಡಲೂಬಹುದು. ಯುಪಿಎಸ್‌ಗೆ ಜೋಡಿಸಿ.

ಡಿವಿಆರ್ ಅಂದರೆ ಕ್ಯಾಮೆರಾಗಳ ವಿಡಿಯೋವನ್ನು ಹಾರ್ಡ್‌ಡಿಸ್ಕ್‌ನಲ್ಲಿ ಉಳಿಸುವ ಪೆಟ್ಟಿಗೆ. ಡಿವಿಆರ್ ಸೆಟ್ ಇಂಟರ್ನೆಟ್ ಇಲ್ಲದಿದ್ದರೂ ರೆಕಾರ್ಡ್ ಮಾಡುತ್ತದೆ, ಅದೇ ಅದರ ಬಲ. ಅಪ್‌ಡೇಟ್ ಮಾತ್ರ ಎಷ್ಟೋ ಮಾಡೆಲ್‌ಗಳಲ್ಲಿ ಪೆನ್‌ಡ್ರೈವ್‌ನಿಂದ ನಾವೇ ಹಾಕಬೇಕು. ಫಿಟ್ ಮಾಡಿದವರು ಹೋದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ, ಅಲ್ವಾ? 2016ರಲ್ಲಿ ಮಿರೈ ಎಂಬ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಕ್ಯಾಮೆರಾ, ಡಿವಿಆರ್, ರೂಟರ್ ಸೇರಿ ಲಕ್ಷಾಂತರ ಸಾಧನಗಳಿಗೆ ನುಗ್ಗಿತು. ಫ್ಯಾಕ್ಟರಿ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದೇ ಅದಕ್ಕೆ ದಾರಿಯಾಯಿತು. ಯಾವುದನ್ನೇ ಕೊಂಡರೂ ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ.

ಊರಲ್ಲಿ ಅಪ್ಪ ಅಮ್ಮ ಇಬ್ಬರೇ, ಮಕ್ಕಳು ಬೆಂಗಳೂರಿನಿಂದ ನೋಡಬೇಕು ಅಂದರೆ ತಾನೇ ಅಪ್‌ಡೇಟ್ ಆಗುವ ವೈಫೈ ಕ್ಯಾಮೆರಾ ಒಳ್ಳೆಯದು. ಮೆಮೊರಿ ಕಾರ್ಡ್ ಹಾಕಿಸಿಕೊಳ್ಳಿ. ಜಾಸ್ತಿ ಕ್ಯಾಮೆರಾ ಬೇಕಾದ ಮನೆಗೆ, ಅಂಗಡಿಗೆ ಡಿವಿಆರ್ ಸರಿ. ವಿಡಿಯೋವನ್ನು ಕುಗ್ಗಿಸಿ ಉಳಿಸುವ ಎಚ್.265 ವಿಧಾನ ಇರುವುದನ್ನೇ ಕೇಳಿ. ಹಳೆಯ ವಿಧಾನ ಎಚ್.264ಕ್ಕೆ ಬೇಕಾಗುವ ಡೇಟಾದಲ್ಲಿ ಸುಮಾರು ಅರ್ಧ ಸಾಕು.