ಪದ ಕೊಡುತ್ತದೆ, ವ್ಯತ್ಯಾಸ ಹೇಳುವುದಿಲ್ಲ: ಒಂದು ಥೆಸಾರಸ್ ಆ್ಯಪ್ ಬಗ್ಗೆ

ಮೂರು ವಾರದಿಂದ ಈ ಇಂಗ್ಲಿಷ್ ಥೆಸಾರಸ್ ಆ್ಯಪ್ ಬಳಸುತ್ತಿದ್ದೇನೆ, ಅಂದರೆ ಒಂದು ಪದಕ್ಕೆ ಹತ್ತಿರದ ಅರ್ಥದ ಪದಗಳನ್ನು ಕೊಡುವ ಪದಕೋಶ. ಹುಡುಕಾಟ ಚುರುಕು, ಜಾಹೀರಾತಿನ ಕಾಟ ಇಲ್ಲ. ಆದರೆ 'ವೋರ್ನ್ ಔಟ್' (ಸವೆದುಹೋದ) ಅಂತ ಹಾಕಿದರೆ ಶ್ಯಾಬಿ, ಥ್ರೆಡ್‌ಬೇರ್, ಟ್ರೈಟ್, ಹ್ಯಾಕ್ನೀಡ್ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿಯುತ್ತದೆ, ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದು ನಮ್ಮ ಪಾಡು. ಇದನ್ನು ನಂಬಿ 'ಹ್ಯಾಕ್ನೀಡ್ ಶೂಸ್' ಅಂತ ಬರೆದು ನಗೆಪಾಟಲಾದೆ. ಶೂ ಸವೆದರೆ ವೋರ್ನ್ ಔಟ್. ಹ್ಯಾಕ್ನೀಡ್, ಅಂದರೆ ಬಳಸಿ ಬಳಸಿ ಹಳಸಿದ್ದು, ಆಗುವುದು ಮಾತು, ಕಥೆ, ಹೋಲಿಕೆ. ಆ ಪದ ಬಂದಿದ್ದೇ ಹ್ಯಾಕ್ನಿ ಅನ್ನುವ ಬಾಡಿಗೆ ಕುದುರೆಯಿಂದ, ಕಂಡಕಂಡವರೆಲ್ಲ ಹತ್ತಿ ಸುಸ್ತಾದ ಕುದುರೆ ಅಂತ ನೆನಪಿಟ್ಟುಕೊಂಡರೆ ಸಾಕು, ಮತ್ತೆ ತಪ್ಪುವುದಿಲ್ಲ. ಟ್ರೈಟ್ ಕೂಡ 'ಉಜ್ಜಿ ಸವೆದದ್ದು' ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು, ಆದರೂ ಇವತ್ತು ಹಳಸಿದ ಮಾತಿಗೆ ಹೇಳಬಹುದೇ ಹೊರತು ಅಂಗಿಗೆ ಹೇಳುವ ಹಾಗಿಲ್ಲ. ತಮಾಷೆ ಅಲ್ವಾ? ಥ್ರೆಡ್‌ಬೇರ್ ಮಾತ್ರ ಎರಡೂ ಕಡೆ ಸಲ್ಲುತ್ತದೆ: ಮೊಣಕೈ ಹತ್ತಿರ ನೂಲು ಕಾಣುವಷ್ಟು ತೆಳುವಾದ ಬಟ್ಟೆಗೂ ಸರಿ, ಹೇಳಿ ಹೇಳಿ ಹಳಸಿದ ನೆಪಕ್ಕೂ ಸರಿ. ಇದೆಲ್ಲ ನನಗೆ ಗೊತ್ತಾಗಿದ್ದು ಬೇರೆ ನಿಘಂಟು ತೆಗೆದಾಗ. ಈ ಆ್ಯಪ್‌ನಲ್ಲಿರುವ ಉದಾಹರಣೆ ವಾಕ್ಯಗಳು ಸುಮ್ನೆ ತುಂಬಿಸಿದ ಹಾಗಿವೆ. ಪದ ಗೊತ್ತಿದ್ದೂ ಬಾಯಿಗೆ ಬಾರದವರಿಗೆ ಓಕೆ. ಕಲಿಯುವವರು ಉದಾಹರಣೆ ಜಾಸ್ತಿ ಇರುವ ನಿಘಂಟನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ 5ಕ್ಕೆ ಎರಡೂವರೆ.