ಬಿಎಸ್ಸಿಗೆ ಮೈಸೂರಾ, ಟಾಟಾ ಇನ್‌ಸ್ಟಿಟ್ಯೂಟಾ?

ಪಿಯುಸಿ ರಿಸಲ್ಟ್ ಬಂತು ಅಂದರೆ ನೆಂಟರಿಂದ ನನಗೆ ಫೋನ್ ಶುರು. ಮಗಳಿಗೆ ಎಂಜಿನಿಯರಿಂಗ್ ಬೇಡವಂತೆ, ಸೈನ್ಸೇ ಓದ್ತಾಳಂತೆ, ಎಲ್ಲಿಗೆ ಸೇರಿಸೋಣ? ನನ್ನನ್ನೇ ಕೇಳುವುದಕ್ಕೆ ಕಾರಣ ಇದೆ, ಎರಡೂ ಕಡೆಯ ಮೆಸ್ಸಿನಲ್ಲಿ ಉಂಡವನು ನಾನು. ಬಿಎಸ್ಸಿ ಮಾಡಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ. ಆಮೇಲೆ ಜ್ಯಾಮ್ ಅನ್ನುವ, ಬಿಎಸ್ಸಿ ಆದವರ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್ಸಿಗೆ, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ, ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ್ದು) ಹೋದೆ. ಅಲ್ಲಿ ಡಿಗ್ರಿ ಮಕ್ಕಳ ಕೆಮಿಸ್ಟ್ರಿ ಲ್ಯಾಬಿನಲ್ಲಿ ಟಿಎ, ಅಂದರೆ ಪಾಠಕ್ಕೆ ನೆರವಾಗುವ ಟೀಚಿಂಗ್ ಅಸಿಸ್ಟೆಂಟ್ ಆಗಿಯೂ ಇದ್ದೆ.

ಐಐಎಸ್ಸಿ ಹುಟ್ಟಿದ್ದು 1909ರಲ್ಲಿ. ಹಣ ಟಾಟಾ ಅವರದು, ಜಾಗ ಮೈಸೂರು ಅರಸರದು, 371 ಎಕರೆ. ಅದಕ್ಕೇ ಹಳೇ ಬೆಂಗಳೂರಿನವರ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ಮೈಸೂರು ವಿಶ್ವವಿದ್ಯಾಲಯ 1916ರದು, ನಾಲ್ವಡಿಯವರ ಕಾಲದ್ದು. ವಯಸ್ಸಿನಲ್ಲಿ ಅಂಥ ಅಂತರ ಇಲ್ಲ. ಆದರೆ ಐಐಎಸ್ಸಿಯ ಈಗಿನ ನಾಲ್ಕು ವರ್ಷದ ಬಿಎಸ್ ಶುರುವಾದದ್ದು 2011ರಲ್ಲಿ. ಅಲ್ಲಿ ಸಂಶೋಧನೆಯದೇ ರಾಜ್ಯ, ಡಿಗ್ರಿ ಮಕ್ಕಳು ಆಮೇಲೆ ಬಂದವರು. ಮೈಸೂರಿನಲ್ಲಿ ಬಿಎಸ್ಸಿಯೇ ಮನೆಯ ಹಿರಿಮಗ. ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ 1951ರ ಬಿಎಸ್ಸಿಯೂ ಮೈಸೂರು ವಿಶ್ವವಿದ್ಯಾಲಯದ್ದೇ. ಮುಂದೆ ಅವರು ಐಐಎಸ್ಸಿಯ ನಿರ್ದೇಶಕರಾದರು.

ಸೇರುವ ದಾರಿಯೇ ಬೇರೆ. ಮೈಸೂರಿಗೆ ಪಿಯುಸಿ ಅಂಕ ಸಾಕು, ಸರ್ಕಾರದ ಯುಯುಸಿಎಂಎಸ್ ಪೋರ್ಟಲಿನಲ್ಲಿ ಅರ್ಜಿ ಹಾಕಿದರಾಯಿತು. ಐಐಎಸ್ಸಿಗೆ ಜೆಇಇ, ನೀಟ್ ಅಥವಾ ಐಸರ್ (ಕೇಂದ್ರದ ವಿಜ್ಞಾನ ಸಂಸ್ಥೆಗಳ) ಪರೀಕ್ಷೆಯಲ್ಲಿ ಒಳ್ಳೇ ರ‍್ಯಾಂಕ್ ಬೇಕು. ಹಾಗಾಗಿ ಬಹಳ ಮನೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಎದ್ದ ಮನೆಗಳಿಗೆ ಮುಂದಿನ ಮಾತು.

ಯಾರೂ ಗಮನಿಸದ ದೊಡ್ಡ ವ್ಯತ್ಯಾಸ ಒಂದಿದೆ. ಮೈಸೂರಿನಲ್ಲಿ ಅಡ್ಮಿಷನ್ ದಿನವೇ ಕಾಂಬಿನೇಷನ್ ಬರೆದುಕೊಡಬೇಕು. ಪಿಸಿಎಂ (ಭೌತ, ರಸಾಯನ, ಗಣಿತ) ಅಂದರೆ ಜೀವಶಾಸ್ತ್ರಕ್ಕೆ ಕೈಮುಗಿದಂತೆ. ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಅಂದರೆ ಗಣಿತಕ್ಕೆ. ನಡುವೆ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024-25ರಲ್ಲಿ ನಮ್ಮ ಸರ್ಕಾರ ಮತ್ತೆ ಮೂರು ವರ್ಷ, ಮೂರು ವಿಷಯದ ಪದ್ಧತಿಗೇ ಬಂತು. ಹದಿನೇಳು ವರ್ಷದ ಮಗು, ಫಾರ್ಮಿನ ಒಂದು ಕಾಲಂ. ನನ್ನ ಸಿಬಿಜೆಡ್ ಗೆಳೆಯನಿಗೆ ಕೊನೇ ವರ್ಷದಲ್ಲಿ ಪ್ರೋಟೀನ್ ರಚನೆಯ ಹುಚ್ಚು ಹಿಡಿಯಿತು. ಆ ಪೇಪರುಗಳನ್ನು ತೆರೆದರೆ ಎಲ್ಲೆಲ್ಲೂ ಗಣಿತ. ಪಿಯುಸಿಯ ಗಣಿತ ಪುಸ್ತಕ ಹುಡುಕಿ ತಂದು ಮೊದಲಿಂದ ಕೂತ, ಪಾಪ.

ಐಐಎಸ್ಸಿಯಲ್ಲಿ ಇದು ತಿರುವುಮುರುವು. ಮೊದಲ ಸೆಮಿಸ್ಟರುಗಳಲ್ಲಿ ಎಲ್ಲರೂ ಎಲ್ಲವನ್ನೂ ಓದಲೇಬೇಕು: ಗಣಿತ, ಭೌತ, ರಸಾಯನ, ಜೀವಶಾಸ್ತ್ರ, ಜೊತೆಗೆ ಸ್ವಲ್ಪ ಎಂಜಿನಿಯರಿಂಗ್, ಸ್ವಲ್ಪ ಮಾನವಿಕ. ಮೇಜರ್ ಯಾವುದು ಅನ್ನುವುದು ಆಮೇಲೆ. ಫಿಸಿಕ್ಸ್ ಅಂತ ಬಂದವರು ಬಯಾಲಜಿಗೆ ಹಾರಿದ್ದನ್ನು ನೋಡಿದ್ದೇನೆ. ಇನ್ನೂ ತೀರ್ಮಾನ ಆಗದ ಮಗುವಿಗೆ ಇದಕ್ಕಿಂತ ಒಳ್ಳೇ ಜಾಗ ನನಗೆ ಗೊತ್ತಿಲ್ಲ. ಆದರೆ ಗಣಿತ ಅಂದರೆ ಮೈಯೆಲ್ಲ ಉರಿಯುತ್ತೆ ಅನ್ನುವವರಿಗೆ ಮೊದಲ ವರ್ಷ ನಿಜಕ್ಕೂ ಕಷ್ಟ.

ಲ್ಯಾಬಿನ ವಿಷಯಕ್ಕೆ ಬರೋಣ. ಬಿಎಸ್ಸಿಯಲ್ಲಿ ಪರ್ಮ್ಯಾಂಗನೇಟ್ ಟೈಟ್ರೇಷನ್ (ನೇರಳೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ಮಾಡುವಾಗ ಬ್ಯೂರೆಟ್ಟಿನ, ಅಂದರೆ ಅಳತೆ ಗೆರೆಗಳಿರುವ ಗಾಜಿನ ಕೊಳವೆಯ ರೀಡಿಂಗ್ ತೆಗೆಯಲು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೆ. ಲ್ಯಾಬ್ ಅಟೆಂಡರ್ ಹಿಂದಿನಿಂದ ಬಂದು, "ಬಣ್ಣ ಗಾಢ ಕಣಪ್ಪಾ, ಕೆಳಗಿನ ಗೆರೆ ಎಲ್ಲಿ ಕಾಣ್ಸುತ್ತೆ? ಮೇಲಿನ ಅಂಚು ನೋಡು" ಅಂದರು. ಕೊಳವೆಯಲ್ಲಿ ದ್ರವದ ಮೇಲ್ಮೈ ಬಾಗಿರುತ್ತೆ, ಸಾಮಾನ್ಯವಾಗಿ ಅದರ ತಳದ ಗೆರೆ ನೋಡುವುದು ರೂಢಿ. ಅಷ್ಟೇ. ಇವತ್ತಿಗೂ ಮರೆತಿಲ್ಲ. ಸಾಲ್ಟ್ ಅನಾಲಿಸಿಸ್‌ನಲ್ಲಿ (ಕೊಟ್ಟ ಲವಣ ಯಾವುದೆಂದು ಪತ್ತೆಹಚ್ಚುವ ಪ್ರಯೋಗ) ಆಸಿಡ್ಡನ್ನು ಟ್ಯೂಬಿನ ಗೋಡೆಗುಂಟ ನಿಧಾನ ಇಳಿಸಿ ಕಂದು ಉಂಗುರ ಬರಿಸಿದ್ದು, ಅಬ್ಸರ್ವೇಷನ್ ಬುಕ್ಕಿಗೆ ಸೈನ್ ಹಾಕಿಸಿಕೊಂಡದ್ದು, ರೆಕಾರ್ಡ್ ಬರೆದದ್ದು, ವೈವಾಕ್ಕೆ ನಡುಗಿದ್ದು ಎಲ್ಲವೂ ಕೈಗೆ ಕಸುಬು ಕಲಿಸಿದವು.

ಐಐಎಸ್ಸಿಯಲ್ಲಿ ಟಿಎ ಆದಾಗ ಅಟೆಂಡರ್ ಹೇಳಿದ ಅದೇ ಮಾತನ್ನು ಒಬ್ಬಳು ಹುಡುಗಿಗೆ ಹೇಳಿದೆ. ಕೋಚಿಂಗಿನ ಭರಾಟೆಯಲ್ಲಿ ಬ್ಯೂರೆಟ್ ಹಿಡಿದದ್ದೇ ಕಡಿಮೆ ಅಂತ ಕಾಣುತ್ತೆ, ಅದರ ಪುಟ್ಟ ನಲ್ಲಿ ತಿರುಗಿಸಲೂ ಅಂಜುತ್ತಿದ್ದಳು. ಆದರೂ ಬಿಡಲಿಲ್ಲ. "ಮೊದಲ ರೀಡಿಂಗೂ ಕೊನೇ ರೀಡಿಂಗೂ ಒಂದೇ ಅಂಚಿನಲ್ಲಿ ತೆಗೆದರೆ ಕಳೆದಾಗ ಸರಿಹೋಗುತ್ತೆ ಅಲ್ವಾ? ಮೇಲಿನದಾದರೇನು, ಕೆಳಗಿನದಾದರೇನು?" ಸರಿಯೇ! ಮೇಲಿನ ಅಂಚು ನೋಡುವುದು ಅದು ಚೆನ್ನಾಗಿ ಕಾಣುತ್ತೆ ಅಂತ ಅಷ್ಟೇ. ನಾನು ಮೂರು ವರ್ಷ ಈ ಪ್ರಶ್ನೆ ಕೇಳದೆ ಕಳೆದಿದ್ದೆ. ಅವಳ ಪಕ್ಕದ ಹುಡುಗ ಆಗಲೇ ಎರರ್ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕುತ್ತಿದ್ದ. ಮೈಸೂರು ನನ್ನ ಕೈ ಪಳಗಿಸಿತು, ಐಐಎಸ್ಸಿಯ ಮಕ್ಕಳು ಪ್ರಶ್ನೆ ಕೇಳಲು ಬಾಯಿ ತೆರೆಸಿದರು. ಎರಡೂ ಬೇಕು. ಒಂದೇ ಸಿಗುವುದಾದರೆ ನಾನು ಎರಡನೆಯದಕ್ಕೆ ಓಟು ಹಾಕುತ್ತೇನೆ. ಕೈಪಳಗುವುದಕ್ಕೆ ಆರು ತಿಂಗಳು ಸಾಕು.

ಐಐಎಸ್ಸಿಯಲ್ಲಿ ಪೆಟ್ಟೂ ಇದೆ. ಊರಿಗೇ ಫಸ್ಟ್ ಬಂದವರು ಒಂದೇ ಕ್ಲಾಸಿನಲ್ಲಿ ಸೇರಿದರೆ ಯಾರೋ ಕೊನೆಯಲ್ಲಿರಲೇಬೇಕಲ್ಲ. ಅಸೈನ್‌ಮೆಂಟ್, ಮಿಡ್‌ಸೆಮ್, ಮತ್ತೆ ಅಸೈನ್‌ಮೆಂಟ್. ಮೈಸೂರಿನಲ್ಲಿ ನಮಗೆ ಪುರುಸೊತ್ತು ಇತ್ತು. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು, ಎನ್‌ಎಸ್‌ಎಸ್ ಕ್ಯಾಂಪು, ಕನ್ನಡ ಕ್ಲಾಸಿನಲ್ಲಿ ಒಂದಿಷ್ಟು ಪದ್ಯ. ಕನ್ನಡ ಮೀಡಿಯಮ್ಮಿನಿಂದ ಬಂದವರು ಡೌಟನ್ನು ಕನ್ನಡದಲ್ಲೇ ಕೇಳಬಹುದಿತ್ತು. ಇದನ್ನು ಸಣ್ಣದು ಅಂದುಕೊಳ್ಳಬೇಡಿ, ಮೊದಲ ವರ್ಷ ನಾಲಿಗೆ ಕಟ್ಟದಿರುವುದೇ ಅರ್ಧ ಓದು.

ದುಡ್ಡಿನ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಖಾಸಗಿ ಎಂಜಿನಿಯರಿಂಗ್ ಸೀಟಿನ ಮುಂದೆ ಎರಡೂ ಅಗ್ಗ. ನನ್ನ ಕಾಲದಲ್ಲಿ ಬೋರ್ಡಿನಲ್ಲಿ ಮೊದಲ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿಯ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇತ್ತು. ಅದಕ್ಕೆ ಐಐಎಸ್ಸಿಯಲ್ಲೇ ಓದಬೇಕು ಅಂತೇನೂ ಇರಲಿಲ್ಲ.

ಹಾಗಾದರೆ ಯಾರು ಎಲ್ಲಿಗೆ? ಸಂಶೋಧನೆಯೇ ಬೇಕು, ಗಣಿತಕ್ಕೆ ಹೆದರಿಕೆ ಇಲ್ಲ, ಸೀಟೂ ಸಿಕ್ಕಿದೆ ಅಂದರೆ ಸುಮ್ನೆ ಐಐಎಸ್ಸಿಗೆ ಹೋಗಿ. ಕೊನೇ ವರ್ಷ ರಿಸರ್ಚ್ ಪ್ರಾಜೆಕ್ಟ್ ಮಾಡಿಸುತ್ತಾರೆ, ನಾಲ್ಕು ವರ್ಷದ ಡಿಗ್ರಿ ಹಿಡಿದು ವಿದೇಶದ ಪಿಎಚ್‌ಡಿಗೆ ಅರ್ಜಿ ಹಾಕುವುದೂ ಸಲೀಸು. ಬಿಇಡಿ ಮಾಡಿ ಮೇಷ್ಟ್ರಾಗಬೇಕು, ಕೆಎಎಸ್ ಬರೆಯಬೇಕು ಅನ್ನುವವರಿಗೆ ಮೈಸೂರೇ ಸರಿ. ಅಲ್ಲಿ ಮೂರು ವರ್ಷಕ್ಕೆ ಡಿಗ್ರಿ ಕೈಗೆ ಬರುತ್ತೆ, ಓದಿಕೊಳ್ಳಲು ಸಮಯವೂ ಇರುತ್ತೆ.

ಸಂಶೋಧನೆ ಬೇಕು, ಸೀಟು ಸಿಗಲಿಲ್ಲ ಅನ್ನುವವರಿಗೂ ಬಾಗಿಲು ಮುಚ್ಚಿಲ್ಲ, ನಾನೇ ಜ್ಯಾಮ್ ಬಾಗಿಲಿನಿಂದ ಒಳಗೆ ಹೋದವನು. ಆಗುವುದಾದರೆ ಗಣಿತ ಇರುವ ಕಾಂಬಿನೇಷನ್ನೇ ತೆಗೆದುಕೊಳ್ಳಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆಯ ಎರಡು ತಿಂಗಳ ಫೆಲೋಶಿಪ್ಪಿಗೆ ಎರಡನೇ ವರ್ಷದಲ್ಲೇ ಪ್ರಯತ್ನಿಸಿ. ಹೆಸರಿಗೆ ಬೇಸಿಗೆಯದು, ಅರ್ಜಿ ಹಾಕಬೇಕಾದದ್ದು ಚಳಿಗಾಲಕ್ಕೂ ಮುಂಚೆ. ಒಬ್ಬ ಮೇಷ್ಟ್ರ ಶಿಫಾರಸು ಪತ್ರವೂ ಬೇಕು, ಅವರಿಗೆ ಮೊದಲೇ ಹೇಳಿಡಿ.