ತಾರಸಿಯ ಮೇಲಿನ ಮೂರು ಕಿಲೋವ್ಯಾಟ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ನಮ್ಮ ಮನೆಯ ತಾರಸಿಯ ಮೇಲೆ ಮೂರು ಕಿಲೋವ್ಯಾಟ್ ಸಾಮರ್ಥ್ಯದ ಸೋಲಾರ್ ಘಟಕ ಕೂರಿಸಿ ಹದಿನಾಲ್ಕು ತಿಂಗಳಾಯಿತು. ಅದನ್ನು ನೋಡಲು ಮೆಟ್ಟಿಲು ಹತ್ತಿ ಬಂದವರಲ್ಲಿ ಬಿಲ್ ಎಷ್ಟು ಇಳಿಯಿತು ಎಂದು ಕೇಳದವರಿಲ್ಲ. ಎಷ್ಟು ಇಂಗಾಲ ತಪ್ಪಿತು ಎಂದು ಕೇಳಿದವರು ಒಬ್ಬರೂ ಇಲ್ಲ. ಹಾಕಿಸುವಾಗ ಆ ಪ್ರಶ್ನೆ ನನ್ನ ತಲೆಗೂ ಬಂದಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸರ್ಕಾರಕ್ಕೂ ಜನರ ಈ ಮನಸ್ಸು ಚೆನ್ನಾಗಿ ಗೊತ್ತಿದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಈ ಯೋಜನೆಗೆ 75,021 ಕೋಟಿ ರೂಪಾಯಿ ತೆಗೆದಿರಿಸಿ, ಒಂದು ಕೋಟಿ ಮನೆಗಳನ್ನು ತಲುಪುವ ಗುರಿ ಇಟ್ಟುಕೊಳ್ಳಲಾಗಿದೆ. 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆ ಸಾಧಿಸುವುದಾಗಿ 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟ ದೇಶದ ಯೋಜನೆಯಾದರೂ, ಅದರ ಪೂರ್ಣ ಹೆಸರಿನಲ್ಲಿರುವುದು ‘ಮುಫ್ತ್ ಬಿಜಲಿ’, ಅಂದರೆ ಉಚಿತ ವಿದ್ಯುತ್ತು. ಹವಾಮಾನದ ಸುದ್ದಿಯೇ ಇಲ್ಲ. ಘಟಕ ಕೂರಿಸಿದ ಏಜೆನ್ಸಿಯವರು ಕೊಟ್ಟ ಕರಪತ್ರದಲ್ಲಿ ಮಾತ್ರ ಮೂಲೆಯಲ್ಲೊಂದು ಹಸಿರು ಗಿಡದ ಚಿತ್ರವಿತ್ತು.

ಖರ್ಚಿನ ವಿಷಯಕ್ಕೆ ಬಂದರೆ, ಎತ್ತರಿಸಿದ ಕಬ್ಬಿಣದ ಚೌಕಟ್ಟೂ ಸೇರಿ ಎರಡು ಲಕ್ಷದ ಐದು ಸಾವಿರ ರೂಪಾಯಿ ಆಯಿತು. ಸಂಡಿಗೆ, ಹಪ್ಪಳ, ಬಟ್ಟೆ ಎಲ್ಲವೂ ಒಣಗುವ ಜಾಗವನ್ನು ಬಿಟ್ಟುಕೊಡಲು ಅಮ್ಮ ಸುತರಾಂ ಒಪ್ಪದೇ ಇದ್ದುದರಿಂದ ಪ್ಯಾನೆಲ್‌ಗಳ ಕೆಳಗೆ ತಲೆ ತಗ್ಗಿಸದೆ ಓಡಾಡುವಷ್ಟು ಎತ್ತರ ಬೇಕಾಯಿತು. ಆ ಹೆಚ್ಚುವರಿ ಖರ್ಚು ಮೊದಲ ಅಂದಾಜು ಪಟ್ಟಿಯಲ್ಲಿ ಇರಲಿಲ್ಲ. ಮೂರು ಕಿಲೋವ್ಯಾಟ್‌ಗೆ ಸಿಗುವ 78,000 ರೂಪಾಯಿ ಸಹಾಯಧನ, ಮೀಟರ್ ಬದಲಾದ ಮೇಲೆ ತಕರಾರಿಲ್ಲದೆ ಬ್ಯಾಂಕ್ ಖಾತೆಗೆ ಬಂತು. ತೊಂದರೆಯಾದದ್ದು ಮೀಟರ್ ಬದಲಾಗುವ ಮುಂಚೆ. ಪ್ಯಾನೆಲ್ ಕೂರಿಸುವ ಕೆಲಸ ಎರಡೇ ದಿನದಲ್ಲಿ ಮುಗಿದಿತ್ತು, ಆದರೆ ಎರಡೂ ದಿಕ್ಕಿನ ವಿದ್ಯುತ್ತನ್ನು ಅಳೆಯುವ ಮೀಟರ್ ಬರಲು ಏಳು ವಾರ ಹಿಡಿಯಿತು. ಅಷ್ಟೂ ದಿನ ಏಪ್ರಿಲ್‌ನ ಬಿಸಿಲು ಆ ಗಾಜಿನ ಮೇಲೆ ಬಿದ್ದು ವ್ಯರ್ಥವಾಯಿತು. ಮೀಟರ್ ಬಂದ ನಂತರದ ಮೊದಲ ಎರಡು ಬಿಲ್‌ಗಳಲ್ಲಿ ನಾವು ವಿದ್ಯುತ್ ಜಾಲಕ್ಕೆ ಕೊಟ್ಟ ಯೂನಿಟ್‌ಗಳ ಲೆಕ್ಕವೇ ಇರಲಿಲ್ಲ. ಕಚೇರಿಗೆ ಮೂರು ಸಲ ಅಲೆದ ಮೇಲೆ ಅದು ಸರಿಯಾಯಿತು.

ಉತ್ಪಾದನೆಯ ಬಗ್ಗೆ ದೂರಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಹದಿನಾಲ್ಕು ಯೂನಿಟ್‌ವರೆಗೆ ಬಂದರೆ, ಆಷಾಢದ ಮೋಡ ಕವಿದ ದಿನಗಳಲ್ಲಿ ಐದಕ್ಕೂ ಇಳಿದದ್ದುಂಟು. ಮೊದಲ ಹನ್ನೆರಡು ತಿಂಗಳಲ್ಲಿ ಒಟ್ಟು 4,080 ಯೂನಿಟ್ ಆಯಿತು. ತಿಂಗಳಿಗೆ ಎರಡು ಸಾವಿರದ ಆಸುಪಾಸಿನಲ್ಲಿದ್ದ ಬಿಲ್ ಈಗ ನಿಗದಿತ ಶುಲ್ಕವೂ ಸೇರಿ ನಾನೂರು ಚಿಲ್ಲರೆಗೆ ನಿಂತಿದೆ. ಹಾಕಿದ ದುಡ್ಡು ಹಿಂದಿರುಗಲು ಏಜೆನ್ಸಿಯವರು ಹೇಳಿದ ನಾಲ್ಕು ವರ್ಷ ಸಾಲದು, ಆರೂವರೆ ವರ್ಷವಾದರೂ ಬೇಕು. ಇನ್ನೊಂದು ಮಾತು: ಕರೆಂಟ್ ಹೋದರೆ ನಮ್ಮ ಮನೆಯೂ ಕತ್ತಲೆಯೇ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯವಾಗಬಾರದೆಂದು, ಪ್ಯಾನೆಲ್‌ನ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ, ಬ್ಯಾಟರಿ ಇಲ್ಲದ ಇಂತಹ ಇನ್ವರ್ಟರ್ ಜಾಲದಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಇದನ್ನು ಬೀದಿಯವರಿಗೆ ನಂಬಿಸುವುದು ಇಂದಿಗೂ ನನ್ನಿಂದ ಆಗಿಲ್ಲ.

ನಮ್ಮ ಬೀದಿಯಲ್ಲಿ ಎರಡನೆಯ ಘಟಕ ಬಾರದಿರುವುದಕ್ಕೆ ಪರಿಸರದ ಬಗೆಗಿನ ಉದಾಸೀನ ಕಾರಣವಲ್ಲ, ರಾಜ್ಯ ಸರ್ಕಾರದ ಗೃಹಜ್ಯೋತಿ ಕಾರಣ. 2023ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಗರಿಷ್ಠ 200 ಯೂನಿಟ್‌ವರೆಗೆ ಬಿಲ್ ಇಲ್ಲ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 290 ಯೂನಿಟ್ ಬಳಸುತ್ತಿದ್ದ ನಮಗೆ ಸೋಲಾರ್ ಲಾಭದ ಬಾಬತ್ತು. ಪಕ್ಕದ ಮನೆಯ ಅಜ್ಜಿ ಮಾತ್ರ ನನ್ನ ವಿವರಣೆಯನ್ನೆಲ್ಲ ಕೇಳಿ, “ನಮ್ಗೆ ಬಿಲ್ಲೇ ಬರಲ್ವಲ್ಲಪ್ಪ, ಇನ್ಯಾಕೆ ಸೋಲಾರು?” ಎಂದರು. ಉತ್ತರ ನನ್ನಲ್ಲಿರಲಿಲ್ಲ. ಬಡವರ ಮನೆಯ ದೀಪಕ್ಕೆ ದುಡ್ಡು ಕೇಳಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ಸರ್ಕಾರ ತಾರಸಿಯಲ್ಲಿ ವಿದ್ಯುತ್ ಮಾಡಿಕೊಳ್ಳಿ ಎಂದು ಹಣ ಕೊಡುತ್ತಿರುವಾಗ, ಇನ್ನೊಂದು ಸರ್ಕಾರ ಅದರ ಅಗತ್ಯವೇ ಇಲ್ಲದಂತೆ ಮಾಡಿರುವುದರ ಬಗ್ಗೆ ಎರಡೂ ಕಡೆಯವರು ಕೂತು ಮಾತನಾಡಿದಂತೆ ಕಾಣುವುದಿಲ್ಲ.

ನಿವೃತ್ತ ಮೇಷ್ಟ್ರಾದ ನಮ್ಮ ಸೋದರಮಾವನ ತಕರಾರು ಬೇರೆಯೇ. “ಅಮೆರಿಕದೋರು ಮನೆಗೆ ಎರಡೆರಡು ಕಾರು ಓಡಿಸ್ಕೊಂಡು, ನಿನ್ನ ತಾರಸಿ ಲೆಕ್ಕ ಕೇಳ್ತಾರೇನೋ?” ಎಂದರು. ಮಾತಿನಲ್ಲಿ ಹುರುಳಿದೆ: ಭಾರತೀಯನೊಬ್ಬನ ತಲಾ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು ಎರಡು ಟನ್ ಇದ್ದರೆ, ಅಮೆರಿಕದವರದು ಹದಿನಾಲ್ಕರ ಸಮೀಪ. ಆ ರಾತ್ರಿ ನಾನು ಮೊದಲ ಬಾರಿಗೆ ಲೆಕ್ಕ ಹಾಕಿದೆ. ಕಲ್ಲಿದ್ದಲೇ ಹೆಚ್ಚಾಗಿರುವ ನಮ್ಮ ಜಾಲದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಆ 4,080 ಯೂನಿಟ್‌ಗಳಿಂದ ತಪ್ಪಿದ್ದು 2.8 ಟನ್‌ಗಿಂತ ತುಸು ಹೆಚ್ಚು. ಒಬ್ಬ ಸರಾಸರಿ ಭಾರತೀಯನ ವರ್ಷದ ಪಾಲಿಗಿಂತ ಇದು ದೊಡ್ಡದು. ಮಾವನಿಗೆ ಹೇಳಿದಾಗ, “ಹಾಗಾದ್ರೆ ನನ್ನ ಪಾಲೂ ಅದರಲ್ಲೇ ಸೇರಿಸ್ಕೋ” ಎಂದು ನಕ್ಕರು.

ತಿಂಗಳ ಬಳಕೆ 200 ಯೂನಿಟ್ ದಾಟುವ, ಸ್ವಂತ ತಾರಸಿಯಿರುವ ಮನೆಯವರು ಇದನ್ನು ನಿಶ್ಚಿಂತೆಯಿಂದ ಹಾಕಿಸಬಹುದು. ಚೌಕಟ್ಟಿನ ಎತ್ತರವನ್ನು ಅಂದಾಜು ಪಟ್ಟಿಯಲ್ಲೇ ಬರೆಸಿಕೊಳ್ಳಿ, ಪಕ್ಕದ ತೆಂಗಿನ ಮರದ ನೆರಳು ಮಧ್ಯಾಹ್ನ ಎಲ್ಲಿ ಬೀಳುತ್ತದೆಂದು ನೋಡಿಕೊಳ್ಳಿ, ಹದಿನೈದು ದಿನಕ್ಕೊಮ್ಮೆ ಧೂಳು ತೊಳೆಯಿರಿ. ಎದುರುಮನೆಯವರು ಈ ಬೇಸಿಗೆಯಲ್ಲಿ ಏಸಿ ಹಾಕಿಸಿದ್ದಾರೆ. ಮೇ ತಿಂಗಳ ಬಿಲ್ ಕೈಗೆ ಬಂದ ಮರುದಿನವೇ ಅವರು ಅಳತೆಯ ಟೇಪು ಹಿಡಿದು ನಮ್ಮ ತಾರಸಿ ಹತ್ತಿದರು.